ಧಾತು-ಈಶ್ವರದ ಬರ, ಒಂದು ಕೀರ್ತನೆ

ಕಲ್ಲೊಳಗಣ ಕಪ್ಪೆಯ ದೃಷ್ಟಾಂತವುಳ್ಳ ಕನಕದಾಸರ ಕೀರ್ತನೆಯನ್ನು ನಾನು ಎಷ್ಟೋ ವರ್ಷ ಬಿ.ಎ. ತರಗತಿಗಳಿಗೆ ಪಾಠ ಹೇಳಿದ್ದೇನೆ. ತಳಮಳಿಸುವ ಮನಸ್ಸನ್ನು ಅದರಷ್ಟು ಸಂತೈಸುವ ಹಾಡು ನಮ್ಮಲ್ಲಿ ವಿರಳ. ಒಮ್ಮೆ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಹಾಗಾದರೆ ಬರಗಾಲದಲ್ಲಿ ಸತ್ತವರನ್ನು ದೇವರು ಮರೆತಿದ್ದನೆ, ಸಾರ್?" ಎಂದ. ಅಂದು ಪೂರ್ವಕರ್ಮದ ಮಾತಾಡಿ ಪಾರಾದೆ. ಆ ಉತ್ತರ ನನಗೇ ರುಚಿಸಿರಲಿಲ್ಲ.

1876ರಲ್ಲಿ ಮಳೆ ಹೋಗಿ ಮೈಸೂರು ಸೀಮೆಯನ್ನು ಹಿಡಿದ ಕ್ಷಾಮವನ್ನು ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷಕ್ಕೂ ಮಿಕ್ಕಿ. 1881ರಲ್ಲಿ ಸುಮಾರು 42 ಲಕ್ಷ. ಇದನ್ನು ದೈವದ ಲೆಕ್ಕಕ್ಕೆ ಬರೆಯುವ ಮುನ್ನ ಮನುಷ್ಯರ ಲೆಕ್ಕವನ್ನೂ ನೋಡಬೇಕು. ಅದೇ ವರ್ಷಗಳಲ್ಲಿ ಇಂಡಿಯಾದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ನೆರೆಯ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಆಳಿನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ, ಮೇಲೆ ಚಿಲ್ಲರೆ ಕಾಸಿಗೆ ಇಳಿಸಿದರು. ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ಮೊದಲಾದದ್ದೂ ಬರಪರಿಹಾರವಾಗಿಯೇ. ಇಂದು ಅದರಲ್ಲಿ ಪಯಣಿಸುವ ನಮಗೆ ಅದು ತಿಳಿಯದು.

ನಮ್ಮಜ್ಜಿಯ ಅತ್ತೆ ಆಗ ಎಳೆಯ ಹುಡುಗಿ. ಅವರ ತಾಯಿ ರಾಗಿಗಂಜಿ ಕಾಯಿಸಿದ ದಿನ ಕದ ಹಾಕುತ್ತಿರಲಿಲ್ಲವಂತೆ. ಬೀದಿಯವರಿಗೂ ಒಂದೊಂದು ಸೌಟು. ಆಕೆಗೆ ಓದು ಬಾರದು, ದಾಸರ ಪದ ಬರುತ್ತಿತ್ತು. ಗಂಜಿ ತೀರಿದ ಮೇಲೆ ಕದ ಮುಚ್ಚಿ ಅದನ್ನು ಹಾಡುತ್ತಿದ್ದರಂತೆ. ಮೆಲ್ಲಗೆ, ಹೊರಜಗುಲಿಯಲ್ಲಿ ಇನ್ನೂ ಕೂತವರಿಗೆ ಕೇಳಿಸದ ಹಾಗೆ.