ಎಡೆದೊರೆಯ ಪ್ರಜೆಗಳ ರಾಜ್ಯಜ್ಞಾನ

ನಮ್ಮ ಸಾಮಾನ್ಯ ಜನರಿಗೆ ರಾಜ್ಯಾಂಗದ ಪರಿಚಯವಿಲ್ಲವೆಂದೂ, ಭೂಪಟವನ್ನು ಮುಂದಿಟ್ಟರೆ ತಮ್ಮ ಜಿಲ್ಲೆಯ ಮೇರೆಯನ್ನೇ ತೋರಿಸಲಾರರೆಂದೂ ವಿದ್ಯಾವಂತರು ಪರಿತಪಿಸುವುದುಂಟು. ಈ ಮಾತಿನ ಸತ್ಯಾಸತ್ಯವನ್ನು ಪರೀಕ್ಷಿಸಬಯಸುವವರು ಕೃಷ್ಣಾ ತುಂಗಭದ್ರೆಗಳ ನಡುವೆ ಹರಡಿರುವ, ಪ್ರಾಚೀನ ಶಾಸನಗಳಲ್ಲಿ ಎಡೆದೊರೆಯೆಂದು ಖ್ಯಾತವಾದ ನಾಡಿಗೆ ಬರಬೇಕು. ಏಕೆಂದರೆ ಪ್ರಜೆಗೆ ಏನನ್ನು ತಿಳಿಸಬೇಕೆಂಬ ಪ್ರಶ್ನೆಯನ್ನು ಆಳುವವನೊಬ್ಬನು ಕಲ್ಲಿನ ಮೇಲೆ ಬರೆಯಿಸಿದ ಅತಿ ಹಳೆಯ ಸ್ಥಳಗಳಲ್ಲಿ ಒಂದು ಇಲ್ಲಿಯೇ ಇದೆ.

1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಈ ನಾಡಿನ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಯ ಲಿಪಿಯಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರೂ ಇದ್ದುದರಿಂದ, ಆ ಬಿರುದು ಅಶೋಕನದೇ ಎಂಬ ವಿದ್ವಾಂಸರ ಊಹೆಯು ಸ್ಥಿರಪಟ್ಟಿತೆಂಬುದು ಶಾಲೆಯ ಮಕ್ಕಳೂ ಬಲ್ಲ ಸಂಗತಿ. ಆದರೆ ಅದೇ ಲಿಪಿಯ ಕೊನೆಯ ಭಾಗವನ್ನು ನೆನೆಯುವವರು ವಿರಳ. ಧರ್ಮಾಚರಣೆಯ ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಲಭ್ಯವೆಂದು ಎಣಿಸಲಾಗದು, ಅಲ್ಪರಿಗೂ ಮಹನೀಯರಿಗೂ ಇದನ್ನು ಹೇಳತಕ್ಕದ್ದು ಎಂಬುದು ಅದರ ತಾತ್ಪರ್ಯ. ಬ್ರಾಹ್ಮಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆತ್ತಿದ ಆ ಮಾತನ್ನು ಇಲ್ಲಿಯ ದನಗಾಹಿಯಾಗಲಿ ಒಕ್ಕಲಿಗನಾಗಲಿ ತಾನೇ ಓದಿಕೊಂಡಿರಲಾರನು. ಯಾರಾದರೂ ಓದಿ ಹೇಳಬೇಕಾಗಿತ್ತು. ಓದಿ ಹೇಳುವವನು ಯಾರು, ಯಾವ ನುಡಿಯಲ್ಲಿ ಹೇಳಿದನು, ಎಷ್ಟನ್ನು ಹೇಳದೆ ಉಳಿಸಿಕೊಂಡನು ಎಂಬುದರ ಮೇಲೆಯೇ ಈ ನಾಡಿನ ಪ್ರಜೆಯ ರಾಜ್ಯಜ್ಞಾನವು ಅಂದಿನಿಂದ ಇಂದಿನವರೆಗೂ ನಿಂತಿದೆಯೆಂದು ನನ್ನ ದೃಢವಾದ ನಂಬಿಕೆ.

ಚಾಲುಕ್ಯರ ಕಾಲದ ದಾನಶಾಸನಗಳು ಈ ದೃಷ್ಟಿಯಿಂದ ಉದಾರವಾದವು. ಭೂಮಿಯನ್ನು ದತ್ತಿಯಾಗಿ ಬಿಟ್ಟಾಗ ಅದರ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹಳ್ಳ, ಮರ, ದಾರಿ, ನೆಟ್ಟ ಕಲ್ಲುಗಳ ಗುರುತಿನಿಂದ ಕನ್ನಡದಲ್ಲಿಯೇ ಹೇಳಿ ದೇವಾಲಯದ ಮುಂದೆ ನಿಲ್ಲಿಸುತ್ತಿದ್ದುದರಿಂದ, ಅಕ್ಷರವರಿಯದವನೂ ಒಮ್ಮೆ ಕೇಳಿಸಿಕೊಂಡು ನೆನಪಿನಲ್ಲಿಡಬಲ್ಲವನಾಗಿದ್ದನು. ಎರೆಮಣ್ಣು ಯಾವುದು, ಮಸಾರಿ ಮಣ್ಣು ಯಾವುದು, ಯಾವ ಹಳ್ಳ ಯಾವ ಹೊಳೆಯನ್ನು ಕೂಡುವುದು ಎಂಬ ಭೂಗೋಳವನ್ನು ಈ ನಾಡಿನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ರಾಯಚೂರು, ಮುದಗಲ್ಲುಗಳ ಕೋಟೆಗಳಿಗಾಗಿ ವಿಜಯನಗರದವರೂ ಬಹಮನಿಯವರೂ ಆದಿಲಶಾಹಿಗಳೂ ಶತಮಾನಗಳ ಕಾಲ ಹೋರಾಡಿದಾಗ ಅರಸರು ಬದಲಾದರಲ್ಲದೆ ಹೊಲದ ಎಲ್ಲೆಗಲ್ಲು ಬದಲಾಗಲಿಲ್ಲ.

ರಾಜ್ಯವು ಪ್ರಜೆಯ ಕಣ್ಣಿಗೆ ನಿಜವಾಗಿ ಮರೆಯಾದುದು ಮುಂದೆ ಬಂದ ಹೈದರಾಬಾದಿನ ನಿಜಾಮರ ಆಳ್ವಿಕೆಯ ಉತ್ತರಾರ್ಧದಲ್ಲಿ. 1853ರ ಒಪ್ಪಂದದಿಂದ ಈ ಎಡೆದೊರೆಯು ಇಂಗ್ಲಿಷರ ವಶಕ್ಕೆ ಹೋಗಿ, 1860ರಲ್ಲಿ ಮರಳಿ ನಿಜಾಮರದಾಯಿತು. ನಿಜಾಮರ ದಿವಾನ ಸಾಲಾರ್ ಜಂಗರು ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದ ಜಿಲ್ಲಾಬಂದಿಯ ತರುವಾಯ, ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯಿದ್ದ ಲಿಂಗಸೂಗೂರು ಜಿಲ್ಲೆಯ ಮುಖ್ಯಸ್ಥಾನವೂ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನೇ ತೆಗೆದುಹಾಕಿ ಅದರ ತಾಲ್ಲೂಕುಗಳನ್ನು ನೆರೆಯ ಜಿಲ್ಲೆಗಳಿಗೆ ಹಂಚಿದರು. ಈ ಯಾವ ಬದಲಾವಣೆಯಲ್ಲಿಯೂ ಇಲ್ಲಿಯ ನಿವಾಸಿಗಳ ಅಭಿಮತವನ್ನು ಕೇಳಿದವರಿಲ್ಲ. ದಫ್ತರದ ಭಾಷೆ ಮೊದಲು ಪಾರಸಿ, ಬಳಿಕ ಉರ್ದು. ಜಿಲ್ಲೆಯ ಮುಖ್ಯಾಧಿಕಾರಿಯಾದ ಅವ್ವಲ್ ತಾಲೂಕದಾರರ ಹುಕುಮು ಹಳ್ಳಿಗೆ ಬಂದರೆ ಅದರ ಅರ್ಥವನ್ನು ತಿಳಿಯಲು ಊರ ಲೆಕ್ಕಿಗನಾದ ಪಟವಾರಿಯ ಬಾಯನ್ನೇ ನೋಡಬೇಕು. ಪಟವಾರಿಯು ಹೇಳಿದುದೇ ಕಾಯಿದೆ. ತನ್ನ ಜಮೀನಿನ ಅಂಗುಲ ಅಂಗುಲವನ್ನೂ ಬಲ್ಲವನು ಆ ಜಮೀನಿನ ಕಾಗದದ ಮುಂದೆ ಕುರುಡನಾಗಿ ನಿಲ್ಲಬೇಕಾದ ಈ ದುರವಸ್ಥೆಯನ್ನು ಪ್ರಜೆಯ ಅಜ್ಞಾನವೆಂದು ಕರೆಯುವುದು ಘೋರವಾದ ಅನ್ಯಾಯ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆಯಿಟ್ಟು, ಅದರ ಮೇಲೆ ಅಂಟಿಸಿದ ಚಿಹ್ನೆಯನ್ನು ನೋಡಿ ಮತಪತ್ರವನ್ನು ಹಾಕುವ ಕ್ರಮವನ್ನು ಏರ್ಪಡಿಸಿದುದರಿಂದ, ಓದುಬಾರದವನೂ ಯಾರ ಮಧ್ಯಸ್ಥಿಕೆಯಿಲ್ಲದೆ ರಾಜ್ಯಕಾರ್ಯವೊಂದನ್ನು ತಾನೇ ನೆರವೇರಿಸಿದನು. 1956ರ ನವೆಂಬರ್ 1ರಂದು ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಉಳಿದ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. ಮಸ್ಕಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾದುದನ್ನೂ ಸೇರಿಸಿ ಎಣಿಸಿದರೆ, ಅಲ್ಲಿ 1940ರಲ್ಲಿ ಹುಟ್ಟಿದವನೊಬ್ಬನು ಊರು ಬಿಟ್ಟು ಕದಲದೆಯೇ ಎಷ್ಟು ವಿಳಾಸಗಳನ್ನು ಕಂಡಂತಾಯಿತು!

ಇದೇ ನಾಡಿನ ಸಿಂಧನೂರಿನ ಭೂಗೋಳವನ್ನಾದರೋ ಬದಲಿಸಿದುದು ಯಾವ ಗೆಜೆಟ್ಟೂ ಅಲ್ಲ, ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಜೋಳದ ಎರೆಭೂಮಿ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳು ಹುಟ್ಟಿದವು. ಪೂರ್ವಬಂಗಾಳದ ನಿರಾಶ್ರಿತರಿಗೂ ಇಲ್ಲಿಯೇ ನೆಲೆ ದೊರೆಯಿತು. ಅವರ ಕ್ಯಾಂಪುಗಳಲ್ಲಿ ಪೌರತ್ವವೆಂಬುದು ಪಠ್ಯಪುಸ್ತಕದ ಅಧ್ಯಾಯವಲ್ಲ. ದಶಕಗಳ ಕಾಲ ಕಾದು, 2019ರ ಪೌರತ್ವ ತಿದ್ದುಪಡಿ ಕಾಯಿದೆಯ ಅನ್ವಯ 2024ರಲ್ಲಿ ಅವರಲ್ಲಿ ಕೆಲವರು ಪೌರತ್ವದ ಪ್ರಮಾಣಪತ್ರವನ್ನು ಪಡೆದರು. ಯಾವ ತಾರೀಖಿಗೆ ಮೊದಲು ಬಂದವರು, ಯಾವ ದಾಖಲೆ ಬೇಕು ಎಂಬುದನ್ನು ಅಲ್ಲಿಯ ಗೃಹಿಣಿಯರು ಬಲ್ಲಷ್ಟು ನಮ್ಮಲ್ಲಿ ಪದವೀಧರರೂ ಬಲ್ಲರೆಂದು ಹೇಳಲಾರೆ. ಇದೇ ಬಗೆಯಲ್ಲಿ ಈ ಭಾಗದವರಿಗೆ ಸೀಟುಗಳ ಮೀಸಲಾತಿಗೆ ಅವಕಾಶ ಕೊಡುವ 371ಜೆ ಎಂಬ ವಿಧಿಯು 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಮೇಲೆ, ಮಗಳಿಗೆ ವೈದ್ಯಕೀಯ ಸೀಟು ಬೇಕೆನ್ನುವ ರೈತನು ಆ ಸಂಖ್ಯೆಯನ್ನು ಕಂಠಪಾಠವಾಗಿ ನುಡಿಯುತ್ತಾನೆ. ಅದೇ ವಿಧಿಯು ಅಭಿವೃದ್ಧಿಗಾಗಿ ಪ್ರತ್ಯೇಕ ಮಂಡಳಿಯನ್ನೂ, ಅದರ ವಾರ್ಷಿಕ ವರದಿಯನ್ನು ಶಾಸನಸಭೆಯ ಮುಂದಿಡುವ ಹೊಣೆಯನ್ನೂ ವಿಧಿಸಿದೆಯೆಂಬುದನ್ನು ಮಾತ್ರ ಅವನಿಗೆ ಯಾರೂ ಓದಿ ಹೇಳಿಲ್ಲ.

ಎಡದಂಡೆ ಕಾಲುವೆಯ ಕೆಳಭಾಗದ ರೈತರ ನಡುವೆ ಕುಳಿತರೆ ಕಾಲುವೆಯ 69ನೆಯ ಮೈಲಿನಲ್ಲಿ ಗೇಜು ಎಷ್ಟು ಅಡಿಯಿದೆ, ತಮ್ಮ ಉಪಕಾಲುವೆಗೆ ಎಂದು ನೀರು ಬಂದೀತು, ಮೇಲ್ಭಾಗದಲ್ಲಿ ಎಲ್ಲೆಲ್ಲಿ ಅಕ್ರಮವಾಗಿ ನೀರೆತ್ತುತ್ತಿದ್ದಾರೆ ಎಂಬ ಚರ್ಚೆ ನಿರಂತರ ಕಿವಿಗೆ ಬೀಳುತ್ತದೆ. ನೀರಾವರಿ ಸಲಹಾ ಸಮಿತಿಯು ಕೂಡುವ ದಿನವು ಅವರಿಗೆ ಹಬ್ಬದ ದಿನದಷ್ಟೇ ನೆನಪಿರುತ್ತದೆ. ಮಸ್ಕಿಯ ಕಡೆಯಲ್ಲಂತೂ, 2020ರ ಕೊನೆಯಲ್ಲಿ ಪಾಮನಕಲ್ಲೂರಿನ ಸುತ್ತಣ ಹಳ್ಳಿಗಳವರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಹೂಡಿ, ನಂದವಾಡಗಿ ಏತ ನೀರಾವರಿಯಿಂದಲೇ ನೀರು ಕೊಡುವೆವೆಂಬ ಸರಕಾರದ ಮಾತಿಗೆ ಪ್ರತಿಯಾಗಿ, ತಮಗೆ ಬೇಕಾದುದು ಹರಿದು ಬರುವ ಕಾಲುವೆಯ ನೀರೆಂದು ವಾದಿಸಿದರು. ಗ್ರಾಮ ಪಂಚಾಯಿತಿಯ ಚುನಾವಣೆಯನ್ನೂ ಬಹಿಷ್ಕರಿಸಿದರು. ಮರುವರ್ಷ ಏಪ್ರಿಲಿನಲ್ಲಿ ಮಸ್ಕಿಯ ವಿಧಾನಸಭಾ ಉಪಚುನಾವಣೆ ಬಂದಾಗ ಮತ ಕೇಳಲು ಬಂದವರು ಆ ಕಾಲುವೆಯ ವಿಷಯಕ್ಕೆ ಉತ್ತರ ಹೇಳಬೇಕಾಯಿತು.