ಮಾತ್ರೆ ಮೊದಲು, ಹಕ್ಕು ಆಮೇಲೆ

1912ರ ಇಂಡಿಯನ್ ಲೂನಸಿ ಆಕ್ಟ್ ಓದಿದರೆ, ಮನೋರೋಗಿಯನ್ನು ಒಳಗೆ ಹಾಕಲು ಯಾರ ರುಜು ಬೇಕು ಎಂಬುದೇ ಅದರ ದೊಡ್ಡ ಚಿಂತೆ ಅನ್ನಿಸುತ್ತದೆ. 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬರುವವರೆಗೂ ನಡೆದದ್ದು ಅದರದ್ದೇ ಆಡಳಿತ. ನಾನು ಹೇಳಹೊರಟಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಆಗ ಕೋಲಾರ ಜಿಲ್ಲೆಯಲ್ಲಿದ್ದವು, 2007ರಲ್ಲಷ್ಟೇ ಬೇರೆ ಜಿಲ್ಲೆಯಾದವು. ಇಲ್ಲಿನ ರೋಗಿಗಳ ಮನೆಯವರ ಮುಂದಿದ್ದ ದಾರಿ ಎರಡು: ಬೆಂಗಳೂರಿನ ಆಸ್ಪತ್ರೆ ಅಥವಾ ದೇವರು–ದರ್ಗಾ. ‘ಗಾಳಿ ಸೋಕಿದೆ’ ಎಂದು ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಜಾತಿ–ಮತ ನೋಡದೆ ಈಗಲೂ ಜನ ಬರುತ್ತಾರೆ.

ಮೊದಲು ಬದಲಾದದ್ದು ಕಾನೂನಲ್ಲ, ದೂರ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಸಮೀಪದ ಸಕಲವಾರದಲ್ಲಿ, ಹಳ್ಳಿಯಲ್ಲೇ ಚಿಕಿತ್ಸೆ ಕೊಡುವುದನ್ನು ಪ್ರಯೋಗಿಸಿತು. ಮುಂದೆ ಗೌರಿಬಿದನೂರು ಸೇರಿ ಕೆಲವು ಊರುಗಳಲ್ಲಿ ಅದರ ವೈದ್ಯರೇ ಬಂದು ಶಿಬಿರ ನಡೆಸತೊಡಗಿದರು. ಇದನ್ನೇ ಇಡೀ ಜಿಲ್ಲೆಗೆ ಹಬ್ಬಿಸಿದ 1985ರ ಬಳ್ಳಾರಿ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಹಕ್ಕಿನ ಮಾತು ಬರುವ ಮುನ್ನವೇ ಮಾತ್ರೆ ಬಂದಿತ್ತು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಮನೋರೋಗಿಗಳನ್ನು ಇರಿಸುತ್ತಿದ್ದ ತಾಣಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದ 28 ಮಂದಿ ಸತ್ತರು. ದೇಶ ಬೆಚ್ಚಿಬಿದ್ದದ್ದು ಆಗ. ತಪ್ಪು ದರ್ಗಾದ್ದಲ್ಲ, ಬೀಗದ್ದು ಎಂಬುದು ನನ್ನ ಅಭಿಪ್ರಾಯ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಹೆಸರಿನಲ್ಲಿ ಪ್ರಾರ್ಥನೆಯೂ ಔಷಧಿಯೂ ಒಟ್ಟಿಗೆ ನಡೆದಿವೆ.

ಸವಲತ್ತಿನ ವಿಷಯಕ್ಕೆ ಬಂದರೆ, 1995ರ ಅಂಗವಿಕಲರ ಕಾಯಿದೆ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿತು. ಆದರೆ ಅದನ್ನು ಅಳೆಯುವ ‘ಐಡಿಯಾಸ್’ ಮಾಪಕ ಅಧಿಕೃತವಾದದ್ದು 2002ರಲ್ಲಿ. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತುಕತೆ, ದುಡಿಮೆ ಎಂಬ ನಾಲ್ಕರ ಜೊತೆಗೆ ಕಾಯಿಲೆ ಎಷ್ಟು ವರ್ಷದ್ದೆಂದೂ ನೋಡಿ ಅಂಕ ಹಾಕುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸವಲತ್ತು. ತಾಪತ್ರಯ ಇಲ್ಲೇ. ಈ ಕಾಯಿಲೆ ಏರುತ್ತದೆ, ಇಳಿಯುತ್ತದೆ. ತಪ್ಪದೆ ಮಾತ್ರೆ ನುಂಗಿದವರು ಪರೀಕ್ಷೆಯ ದಿನ ಸರಿಯಾಗಿ ಮಾತಾಡಿಬಿಟ್ಟರೆ ಅದೇ ಅವರಿಗೆ ಮುಳುವಾಗಬಹುದು! ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ವರ್ಷವಿಡೀ ಕಂಡದ್ದಕ್ಕೆ ಇನ್ನಷ್ಟು ಬೆಲೆ ಸಿಗಬೇಕು.

2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಒಡಂಬಡಿಕೆಯನ್ನು ಅನುಮೋದಿಸಿದ ಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದವು. ಎರಡನೆಯದು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಡಿ ಸರಪಳಿ ನಿಷಿದ್ಧ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮೊದಲೇ ಬರೆದಿಡಬಹುದು. ಒಪ್ಪಿಗೆ ಕೇಳುವಾಗ ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು: ಮನೆಯಲ್ಲಿ ತೆಲುಗು, ಉರ್ದು ಆಡುವ ಚಿಕ್ಕಬಳ್ಳಾಪುರದ ಈ ತಾಲ್ಲೂಕುಗಳಿಗೆ ಇದು ಸಣ್ಣ ಮಾತಲ್ಲ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ಮಾನಸಿಕ ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಗೇ ತಂದಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆಯೂ ಇದೆ. ದುಡಿಮೆಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಮಾತ್ರೆಯ ಮಂಪರು ಹೊತ್ತು ನಿಲ್ಲುವುದು ಸುಲಭವಲ್ಲ. ಅಂಥವರಿಗೆ ಹೊಂದುವ ಕೆಲಸ ಹುಡುಕುವವರು ಯಾರು?

ಇನ್ನೊಂದು ಜಗಳ ಜಮೀನಿನದ್ದು. ಯಾವ ಕಾಯಿಲೆಯೂ ಪಾಲು ತಪ್ಪಿಸದು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಆದರೂ ‘ಅವನನ್ನು ನಾವೇ ಸಾಕ್ತೀವಲ್ಲ’ ಎಂಬ ಮಾತಿನಲ್ಲಿ ಪಾಲು ಕರಗಬಹುದು. ಇದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಈ ಹಕ್ಕನ್ನು ತಿಳಿಸುವ ಹೊಣೆಯನ್ನು 2017ರ ಕಾಯಿದೆ ಮ್ಯಾಜಿಸ್ಟ್ರೇಟರು, ಪೊಲೀಸರ ಜೊತೆಗೆ ಮಾನಸಿಕ ಆರೋಗ್ಯ ಕೇಂದ್ರದ ಉಸ್ತುವಾರಿ ವೈದ್ಯರ ಮೇಲೂ ಹೊರಿಸಿದೆ. ಮಂಗಳವಾರದ ಮಾತ್ರೆ ಚೀಟಿಯ ಹಿಂಬದಿಯಲ್ಲಿ ಆ ಸಮಿತಿಯ ವಿಳಾಸ ಬರೆದುಕೊಡಲು ಹೊಸ ಆದೇಶವೇನೂ ಬೇಕಿಲ್ಲ.