ಅಜ್ಜಿಯ ಆಸ್ತಿಗೆ ವಾರಸುದಾರರು ಯಾರು?

ಸಿರಿಗೆರೆ ಸೀಮೆಯ ಲಿಂಗಾಯತ ಮನೆಯೊಂದರಲ್ಲಿ ಹಿರಿಯಜ್ಜಿ ತೀರಿಕೊಂಡರೆ ಅವರು ಬಿಟ್ಟುಹೋದ ವಸ್ತುಗಳಿಗೆಲ್ಲ ವಾರಸುದಾರರು ಸಿಗುತ್ತಾರೆ. ಕೊರಳ ಸರ ಸೊಸೆಗೆ, ಕಿವಿಯೋಲೆ ಮಗಳಿಗೆ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಇಳಕಲ್ ಸೀರೆ ಮೊಮ್ಮಗಳಿಗೆ ಸೇರುತ್ತವೆ. ಆದರೆ ಬದುಕಿನುದ್ದಕ್ಕೂ ಎದೆಯ ಮೇಲೆ ಧರಿಸಿದ್ದ ಒಂದು ವಸ್ತು ಮಾತ್ರ ಯಾರ ಪಾಲಿಗೂ ಬರುವುದಿಲ್ಲ. ಅದು ಅವರ ಇಷ್ಟಲಿಂಗ. ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿದರೂ ಉಳಿದೀತು. ಲಿಂಗವನ್ನು ಮಾತ್ರ ಸಮಾಧಿಯಲ್ಲಿ ಕೂರಿಸಿದ ದೇಹದ ಅಂಗೈಯಲ್ಲಿರಿಸಿ, ವಿಭೂತಿ, ಪತ್ರೆಗಳೊಡನೆ ಮಣ್ಣು ಮುಚ್ಚುತ್ತಾರೆ. ಅಜ್ಜಿಯ ದೇವರು ಅಜ್ಜಿಯ ಜೊತೆಗೇ ಹೋಗುತ್ತದೆ.

ಹಾಗಾದರೆ ಅಜ್ಜಿಯ ನಂಬಿಕೆ ಮೊಮ್ಮಕ್ಕಳಿಗೆ ದಾಟುವುದು ಹೇಗೆ? ಎಂಟು ಶತಮಾನಗಳಿಗೂ ಮೀರಿದ ಒಂದು ಪರಂಪರೆ ಉಳಿದು ಬಂದ ಬಗೆ ಈ ಪ್ರಶ್ನೆಯಲ್ಲಿದೆ.

ಅಂಗೈಯ ದೇವರು

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ, ತರಳಬಾಳು ಬೃಹನ್ಮಠದಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರು. ಬಸವಣ್ಣನವರ ಸಮಕಾಲೀನರೆಂದು ಹೇಳಲಾಗುವ ಮರುಳಸಿದ್ಧರಿಂದ ಈ ಪರಂಪರೆ ಆರಂಭವಾಯಿತೆಂಬುದು ಇಲ್ಲಿನವರ ನಂಬಿಕೆ. ಸುತ್ತಲ ಹಳ್ಳಿಗಳಲ್ಲಿ ಮಗು ಹುಟ್ಟಿದಾಗ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮೂರು ಬೆರಳಲ್ಲಿ ವಿಭೂತಿ ಹಚ್ಚಿಕೊಳ್ಳುವುದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪತ್ರೆ ಏರಿಸುವುದು, ಪೂಜೆಯಾಗದೆ ತುತ್ತೆತ್ತಬಾರದೆಂಬುದು, ಇವನ್ನೆಲ್ಲ ಮಗು ಕಲಿಯುವುದು ಮನೆಯಲ್ಲಿ. ಹೆಚ್ಚಾಗಿ ಅಜ್ಜಿಯ ಮಗ್ಗುಲಲ್ಲಿ ಕುಳಿತು.

ಅಜ್ಜಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂಬುದು ಗಮನಿಸಬೇಕಾದ ಸಂಗತಿ. ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಹಾಗೆ ತಂದಾಗ ಹೆಣ್ಣಿನ ಅಂಗೈಯನ್ನು ಹೊರಗಿಡಲಿಲ್ಲ. ಗಂಡನ ಲಿಂಗ ಬೇರೆ, ಹೆಂಡತಿಯ ಲಿಂಗ ಬೇರೆ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅವರು ತಳ್ಳಿಹಾಕಿದರು. ತಿಂಗಳ ಮೂರು ದಿನ ಹೆಣ್ಣು ದೇವರಿಗೆ ದೂರ ಎಂಬ ಮಾತಿಗೆ ತತ್ವದಲ್ಲಿ ಇಲ್ಲಿ ಎಡೆಯೇ ಉಳಿಯಲಿಲ್ಲ. ಆಚರಣೆಯಲ್ಲಿ ಎಲ್ಲ ಮನೆಗಳೂ ಇದನ್ನು ಪೂರ್ತಿ ಪಾಲಿಸಿಕೊಂಡು ಬಂದಿವೆ ಎನ್ನಲಾಗದು. ಆದರೂ ಮೈಮೇಲೆಯೇ ದೇವರಿರುವ ಹೆಂಗಸನ್ನು ದೇವರಿಂದ ದೂರ ಇಡುವುದು ಸುಲಭವಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಹೊಲದಲ್ಲಿ ಪಾಲು ಸಿಗುವುದಕ್ಕೆ ಶತಮಾನಗಳ ಮೊದಲೇ ಈ ನಾಡಿನ ಹೆಣ್ಣಿಗೆ ದೇವರಲ್ಲಿ ಸಮಪಾಲು ಸಿಕ್ಕಿತ್ತು. ಸ್ವಂತದ್ದೆಂದು ಒಂದು ವಸ್ತು ಇದ್ದವರು ಮಾತ್ರ ಅದರ ಬೆಲೆಯನ್ನು ಇನ್ನೊಬ್ಬರಿಗೆ ತಿಳಿಸಿಕೊಡಬಲ್ಲರು.

ತಟ್ಟೆ ತೊಳೆದು ಕುಡಿದವರು

ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾದದ್ದು 1923ರಲ್ಲಿ. ಅದಕ್ಕೂ ಹಿಂದೆ ವಚನಗಳು ಬಹುಪಾಲು ತಾಳೆಗರಿಯ ಕಟ್ಟುಗಳಲ್ಲಿದ್ದವು. ಮಠಗಳಲ್ಲಷ್ಟೇ ಅಲ್ಲ, ಎಷ್ಟೋ ಮನೆಗಳ ಜಗಲಿಯ ಮೇಲೂ ಆ ಕಟ್ಟುಗಳಿಗೆ ವಿಭೂತಿ ಹಚ್ಚಿ ಪೂಜಿಸುತ್ತಿದ್ದರು. ಓದಬಲ್ಲವರು ಕಡಿಮೆ, ಹೆಂಗಸರಲ್ಲಂತೂ ಇನ್ನೂ ಕಡಿಮೆ. ಆದರೂ ವಚನಗಳ ತಿರುಳು ಅಕ್ಷರ ಬಾರದ ಮನೆಗಳಿಗೂ ತಲುಪಿತು. ನಡವಳಿಕೆಯಾಗಿ, ಕಥೆಯಾಗಿ, ಗದರಿಕೆಯಾಗಿ ತಲುಪಿತು.

ಊಟದ ತಟ್ಟೆಯನ್ನೇ ನೋಡಿ. ಬಡಿಸಿದ್ದು ಪ್ರಸಾದ, ಒಂದಗುಳೂ ಬಿಡಬಾರದು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಈ ಭಾಗದಲ್ಲಿದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಮೊಮ್ಮಗ ತಟ್ಟೆಯಲ್ಲಿ ಮುದ್ದೆ ಬಿಟ್ಟು ಎದ್ದರೆ ಅಜ್ಜಿ ಹೇಳುವ ಕಥೆ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ನೆಲದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಸಂಸಾರ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಹಿಗ್ಗಲಿಲ್ಲ. ನಮಗೆ ಬೇಕಾದ್ದಕ್ಕಿಂತ ಮಿಗಿಲಾದದ್ದನ್ನು ಎಲ್ಲಿ ಆಯ್ದಿರೋ ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದಳು. ಮಳೆ ಕೈಕೊಡುವುದೇ ವಾಡಿಕೆಯಾದ ಈ ಬಯಲು ಸೀಮೆಯಲ್ಲಿ ಇದು ಬರೀ ಧರ್ಮೋಪದೇಶವಲ್ಲ, ಬದುಕುವ ದಾರಿಯೂ ಹೌದು.

ಲಕ್ಕಮ್ಮ, ನೂಲು ತೆಗೆಯುತ್ತಿದ್ದ ಕದಿರೆಯ ರೆಮ್ಮವ್ವೆ, ಸತ್ಯಕ್ಕ, ಅಕ್ಕಮಹಾದೇವಿ ಮೊದಲಾಗಿ ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ದೊರೆತಿವೆ. ರಾಜ್ಯ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿದಾಗ ಶರಣೆಯರಿಗೇ ಒಂದು ಸಂಪುಟ ಮೀಸಲಾಯಿತು.

ಒಬ್ಬ ಅಜ್ಜಿ, ಸಾವಿರಾರು ಹಾಡು

ಅಕ್ಷರವಿಲ್ಲದ ಒಬ್ಬ ಹೆಂಗಸಿನ ನೆನಪಿನಲ್ಲಿ ಎಷ್ಟು ಹಿಡಿದೀತು? ಇದಕ್ಕೆ ಉತ್ತರ ಇದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಬೇರೊಂದು ಸಮುದಾಯದಲ್ಲಿ ಸಿಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಕಾಡುಗೊಲ್ಲ ಸಮುದಾಯದವರು. ಓದು ಬರಹ ಗೊತ್ತಿರಲಿಲ್ಲ. ಆದರೆ ಕುಲದೇವರುಗಳ ಕಥನ, ಮದುವೆ, ಸೋಬಾನೆ, ಬೀಸುವ ಕಲ್ಲಿನ ಹಾಡು ಎಂದು ಸಾವಿರಾರು ಹಾಡುಗಳು ಅವರ ನಾಲಿಗೆಯ ಮೇಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳದೆ ಹೋಗಿದ್ದರೆ ಆ ಭಂಡಾರ ಹಟ್ಟಿಯಲ್ಲೇ ಕರಗಿಹೋಗುತ್ತಿತ್ತು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ನೀಡಿತು.

ಇಂಥ ಕೆಲಸ ಮೊದಲೂ ನಡೆದಿತ್ತು. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹೆಂಗಸರಿಂದ ಕೇಳಿ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಗಿತ್ತು. ಆದರೆ ಇಂಥ ಹಾಡುಗಳು ಹುಟ್ಟಿ ಬೆಳೆದದ್ದು ಬೀಸುವ ಕಲ್ಲಿನ ಮುಂದೆ. ಊರಿಗೆ ಹಿಟ್ಟಿನ ಗಿರಣಿ ಬಂತು, ಹೆಂಗಸರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಅದಕ್ಕಾಗಿ ಯಾರೂ ಮರುಗಬೇಕಿಲ್ಲ. ಆದರೆ ಕಲ್ಲು ನಿಂತಾಗ ಹಾಡೂ ನಿಂತಿತು.

ಕೇರಿ ಇಡಬೇಕಾದ ಆಸ್ತಿ

ಹಿರಿಯರು ಬಿಟ್ಟುಹೋದದ್ದೆಲ್ಲ ಬಂಗಾರವೆಂದು ಹೇಳಿದರೆ ಅದು ಅರ್ಧ ಸತ್ಯ. ಸಿರಿಯಜ್ಜಿಯಂಥವರ ಹಾಡುಗಳನ್ನು ಕಾಪಾಡಿದ ಗೊಲ್ಲರಹಟ್ಟಿಗಳಲ್ಲೇ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯೂ ಉಳಿದುಬಂತು. ದೇವರು ಮುನಿದಾನು ಎಂಬ ಭಯದಿಂದ ಅದನ್ನು ಮುಂದುವರಿಸಿದವರಲ್ಲಿ ಅಜ್ಜಿಯರೂ ಇದ್ದಾರೆ. ಇಂಥ ಒತ್ತಾಯವನ್ನು ಅಪರಾಧವೆಂದು ಸಾರುವ ಕಾಯ್ದೆಯನ್ನು ರಾಜ್ಯ 2017ರಲ್ಲಿ ಅಂಗೀಕರಿಸಿತು, ಅದು 2020ರಲ್ಲಿ ಜಾರಿಗೆ ಬಂತು. ಆದರೂ 2023ರಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ತಾಯಿಯೊಡನೆ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಪ್ರಾಣ ಕಳೆದುಕೊಂಡಿತು.

ಹಾಡು ಮತ್ತು ಗುಡಿಸಲು ಎರಡೂ ಒಂದೇ ಮಡಿಲಿನಿಂದ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಹಿರಿಯರಿಗೆ ಅಗೌರವವೇ? ಶರಣರ ಚರಿತ್ರೆ ಹಾಗೆ ಹೇಳುವುದಿಲ್ಲ. ತಮ್ಮ ಅಜ್ಜ ಅಜ್ಜಿಯರು ನಂಬಿದ್ದನ್ನು ಮೊರದಲ್ಲಿ ಹಾಕಿ ಕೇರಿ, ಜೊಳ್ಳನ್ನು ತೂರಿದವರೇ ಅವರು. ಪಂಚಸೂತಕಗಳು ಹೋದದ್ದು ಹಾಗೆ. ಕೇರುವುದನ್ನು ಕಲಿಸಿದ ಪರಂಪರೆಯನ್ನು ಕೇರದೆ ಒಪ್ಪಿಕೊಂಡರೆ ಅದು ಆ ಪರಂಪರೆಗೆ ಮಾಡುವ ಮರ್ಯಾದೆಯಾಗದು.

ಜಗಲಿಯಿಂದ ವೇದಿಕೆಗೆ

ಮನೆಯಲ್ಲಿ ಅಜ್ಜಿಯ ದನಿ ಕ್ಷೀಣಿಸುವ ಕಾಲ ಬರುತ್ತದೆಂಬ ಅರಿವಿದ್ದಂತೆ ಸಿರಿಗೆರೆಯ ಮಠ ಬೇರೆ ದಾರಿಗಳನ್ನು ಹುಡುಕಿತು. 1940ರಲ್ಲಿ ಪೀಠಕ್ಕೆ ಬಂದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದರು, ಶರಣರ ಬದುಕನ್ನು ನಾಟಕಗಳಾಗಿ ಬರೆದು ಆಡಿಸಿದರು. 1950ರಲ್ಲಿ ಜಗಳೂರಿನಲ್ಲಿ ಆರಂಭವಾದ ತರಳಬಾಳು ಹುಣ್ಣಿಮೆ ವರ್ಷಕ್ಕೊಂದು ಊರಿನಲ್ಲಿ ನಡೆಯುವ ನಾಡಹಬ್ಬವಾಯಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಾಖಾಮಠದಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಂಡ ನಾಟಕಗಳನ್ನು ನಾಡಿನುದ್ದಕ್ಕೂ ಕೊಂಡೊಯ್ದಿತು. ಸಾವಿರಾರು ವಚನಗಳನ್ನು ಗಣಕಕ್ಕೆ ಅಳವಡಿಸಿ ಮೊಬೈಲ್ ಫೋನಿನಲ್ಲೂ ಓದುವಂತೆ ಮಾಡಿದ್ದು ಇದೇ ಮಠ.

ಇಂದು ವಚನ ಬೇಕೆಂದರೆ ತಾಳೆಗರಿ ಬಿಚ್ಚಬೇಕಿಲ್ಲ, ಬೆರಳಾಡಿಸಿದರೆ ಸಾಕು. ಆದರೆ ಫೋನು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ನೋಡಿ ಗದರುವುದಿಲ್ಲ. ಯಾವ ಮಾತನ್ನು ಯಾವ ಹೊತ್ತಿನಲ್ಲಿ ಹೇಳಬೇಕೆಂಬುದು ಅದಕ್ಕೆ ತಿಳಿಯದು. ಆ ಕೆಲಸಕ್ಕೆ ಮನುಷ್ಯರೇ ಬೇಕು.

ಮಠದ ಹೆಸರಿನ ಹಿಂದೆ ಒಂದು ಐತಿಹ್ಯವಿದೆ. ಮರುಳಸಿದ್ಧರು ತಮ್ಮ ಶಿಷ್ಯನನ್ನು ಪೀಠದ ಮೇಲೆ ಕೂರಿಸಿ ‘ತರಳಾ, ಬಾಳು’ ಎಂದು ಹರಸಿದರಂತೆ. ತರಳನೆಂದರೆ ಮಗು. ಕಾಲಿಗೆರಗಿದ ಮೊಮ್ಮಗುವಿನ ತಲೆ ನೇವರಿಸಿ ಈ ಸೀಮೆಯ ಅಜ್ಜಿಯರು ಹೇಳುತ್ತ ಬಂದದ್ದೂ ಬಹುಮಟ್ಟಿಗೆ ಇದೇ ಮಾತು. ಲಿಂಗ ಅಜ್ಜಿಯ ಜೊತೆಗೆ ಮಣ್ಣಿಗೆ ಹೋಗುತ್ತದೆ. ಹರಕೆಯ ಮಾತು ಮನೆಯಲ್ಲಿ ಉಳಿಯಬೇಕಾದರೆ ಅವರು ಬದುಕಿರುವಾಗಲೇ ಮಗ್ಗುಲಲ್ಲಿ ಕುಳಿತು ಕೇಳುವವರು ಬೇಕು. ನಮ್ಮ ಮನೆಗಳಲ್ಲಿ ಆ ಬಿಡುವು ಯಾರಿಗಿದೆ?